ವಿದ್ವಾಂಸರ ರಕ್ಷಣೆ, ವಿದ್ಯಾಸಮುದಾಯದ ರಕ್ಷಣೆ: ಯುದ್ಧಕಾಲದ ನೆರವಿನ ಇತಿಹಾಸಗ್ರಂಥಗಳನ್ನು ಕುರಿತು

ಯುದ್ಧಕ್ಕೆ ಸಿಕ್ಕಿದ ದೇಶದ ವಿದ್ವಾಂಸರಿಗೆ ಹೊರಗಿನ ವಿಶ್ವವಿದ್ಯಾನಿಲಯಗಳು ನೀಡಿದ ನೆರವನ್ನು ಕುರಿತು ಇಂಗ್ಲಿಷಿನಲ್ಲಿ ಬಂದಿರುವ ಗ್ರಂಥಗಳು ಸಂಖ್ಯೆಯಲ್ಲಿ ಕಡಮೆಯೇನಲ್ಲ. ಅವುಗಳಲ್ಲಿ ಬಹುಭಾಗ ಪಾರಾಗಿ ಬಂದವರ ಕಥೆ. ಯಾರು ಬಂದರು, ಎಲ್ಲಿ ನೆಲೆಸಿದರು, ಮುಂದೆ ಯಾವ ಕೀರ್ತಿಗೆ ಪಾತ್ರರಾದರು ಎಂಬುದನ್ನು ಇವು ವಿಸ್ತಾರವಾಗಿ ಹೇಳುತ್ತವೆ. ಅವರು ಬಿಟ್ಟುಬಂದ ತರಗತಿ, ಗ್ರಂಥಭಂಡಾರ, ಪರೀಕ್ಷಾಮಂಡಲಿ, ಹಿಂದೆ ಉಳಿದ ಸಹೋದ್ಯೋಗಿಗಳು ಏನಾದರೆಂಬ ಪ್ರಶ್ನೆ ಬಂದೊಡನೆ ಬಹುಮಟ್ಟಿಗೆ ಮೌನ ತಾಳುತ್ತವೆ. 2022ರ ಫೆಬ್ರವರಿ 24ರಂದು ರಷ್ಯದ ಸೇನೆಯು ಯುಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣವನ್ನು ಆರಂಭಿಸಿದ ಮೇಲೆ ಈ ಪ್ರಶ್ನೆ ಗ್ರಂಥಗಳಿಂದ ಹೊರಬಂದು ಅನೇಕ ವಿಶ್ವವಿದ್ಯಾನಿಲಯಗಳ ಆಡಳಿತಮಂಡಲಿಗಳ ಮುಂದೆ ನಿಂತಿತು. ಆ ಸಂದರ್ಭವನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಗ್ರಂಥಗಳನ್ನು ಮತ್ತೆ ಓದಿದಾಗ, 1933ರಲ್ಲಿ ಬೇರೊಂದು ಬಗೆಯ ವಿಪತ್ತಿಗಾಗಿ ಸಿದ್ಧವಾದ ಅಳತೆಗೋಲನ್ನೇ ಯುದ್ಧದ ವಿಪತ್ತಿಗೂ ಹಿಡಿಯುತ್ತ ಬಂದಿದ್ದೇವೆಂದು ನಮಗೆ ತೋರುತ್ತದೆ. ಪ್ರಕೃತ ಲೇಖನದಲ್ಲಿ ಈ ವಿಚಾರವನ್ನು ಕೆಲವು ಗ್ರಂಥಗಳ ಆಧಾರದಿಂದ ಪರಿಶೀಲಿಸುತ್ತೇವೆ.

ಆ ಅಳತೆಗೋಲು ಹುಟ್ಟಿದ ಬಗೆ ಎಲ್ಲರಿಗೂ ತಿಳಿದದ್ದೇ. ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಶಾಲೆಯ ನಿರ್ದೇಶಕರಾಗಿದ್ದ ವಿಲಿಯಂ ಬೆವರಿಜ್ 1933ರ ವಸಂತದಲ್ಲಿ ವಿಯೆನ್ನಾದ ಕಾಫಿಗೃಹವೊಂದರಲ್ಲಿ ಲಯೊನೆಲ್ ರಾಬಿನ್ಸ್ ಮತ್ತು ಲುಡ್ವಿಗ್ ಫಾನ್ ಮೀಸೆಸ್ ಅವರೊಡನೆ ಕುಳಿತಿದ್ದಾಗ, ಜರ್ಮನಿಯ ವಿಶ್ವವಿದ್ಯಾನಿಲಯಗಳಿಂದ ವಜಾ ಆದ ಪ್ರಾಧ್ಯಾಪಕರ ಸುದ್ದಿ ಸಂಜೆಯ ಪತ್ರಿಕೆಯಲ್ಲಿ ಬಂದಿತು. ಆ ಮೇ ತಿಂಗಳಲ್ಲಿಯೇ ಅಕಾಡೆಮಿಕ್ ಅಸಿಸ್ಟೆನ್ಸ್ ಕೌನ್ಸಿಲ್ ಎಂಬ ಸಂಸ್ಥೆ ಲಂಡನ್ನಿನಲ್ಲಿ ಏರ್ಪಟ್ಟಿತು. ಭೌತವಿಜ್ಞಾನಿ ರದರ್‌ಫರ್ಡ್ ಅದರ ಅಧ್ಯಕ್ಷರಾದರು. ರಾಯಲ್ ಸೊಸೈಟಿ ತನ್ನ ಕಟ್ಟಡದಲ್ಲಿ ಕಚೇರಿಗೆ ಸ್ಥಳ ಕೊಟ್ಟಿತು. ಅಕ್ಟೋಬರ್ 3ರಂದು ಆಲ್ಬರ್ಟ್ ಹಾಲಿನಲ್ಲಿ ನಡೆದ ಸಭೆಯಲ್ಲಿ ಐನ್‌ಸ್ಟೈನ್ ಮಾತನಾಡಿದರು. ಈ ವೃತ್ತಾಂತವನ್ನು ಬೆವರಿಜ್ 1959ರಲ್ಲಿ 'ಎ ಡಿಫೆನ್ಸ್ ಆಫ್ ಫ್ರೀ ಲರ್ನಿಂಗ್' ಎಂಬ ಗ್ರಂಥದಲ್ಲಿ ತಾವೇ ಬರೆದರು. ಅದಕ್ಕೆ ಆರು ವರ್ಷ ಮೊದಲು ನಾರ್ಮನ್ ಬೆಂಟ್‌ವಿಚ್ ಇದೇ ವಸ್ತುವನ್ನು ಇನ್ನೂ ವ್ಯಾಪಕವಾಗಿ ನಿರೂಪಿಸಿದ್ದರು. ಅವರ ಗ್ರಂಥದ ಹೆಸರಿನಲ್ಲಿಯೇ 'ರಕ್ಷಣೆ' ಮತ್ತು 'ಸಾಧನೆ' ಎಂಬ ಎರಡು ಮಾತುಗಳು ಜೊತೆಗೂಡಿ ನಿಂತಿವೆ.

ಈ ಎರಡು ಗ್ರಂಥಗಳ ಬಗ್ಗೆ ನಮಗೆ ಗೌರವವಿದೆ. ಕೈಯಲ್ಲಿದ್ದ ಅಲ್ಪ ಹಣವನ್ನು ಹಂಚಿ, ಒಬ್ಬೊಬ್ಬ ವಿದ್ವಾಂಸನಿಗೂ ಕೆಲಸ ಹುಡುಕಿ ಪತ್ರ ಬರೆದವರ ಶ್ರಮ ಸಾಮಾನ್ಯವಾದುದಲ್ಲ. ಆದರೆ ರಕ್ಷಣೆಯನ್ನು ಸಾಧನೆಯಿಂದ ಸಮರ್ಥಿಸುವ ವಾದಸರಣಿ ಇತಿಹಾಸಕಾರನಿಗೆ ಒಪ್ಪಿಗೆಯಾಗತಕ್ಕದ್ದಲ್ಲ. ಮುಂದೆ ನೊಬೆಲ್ ಪಾರಿತೋಷಕ ಪಡೆದವನು ಬಂದುದು ಲಾಭವೆಂದಾದರೆ, ಪಡೆಯದವನನ್ನು ಕರೆದುದು ನಷ್ಟವೆಂದು ಹೇಳಬೇಕಾಗುತ್ತದೆ. ಗ್ರಂಥಕರ್ತರು ಹಾಗೆ ಹೇಳುವುದಿಲ್ಲವೆಂಬುದು ನಿಜ. ಅವರ ಪಟ್ಟಿಗಳು ಹೇಳುತ್ತವೆ.

ಇದಕ್ಕಿಂತಲೂ ಮುಖ್ಯವಾದ ಆಕ್ಷೇಪಣೆ ಇನ್ನೊಂದಿದೆ. 1933ರಲ್ಲಿ ಆ ವಿದ್ವಾಂಸರನ್ನು ಹೊರದೂಡಿದುದು ಶತ್ರುಸೇನೆಯಲ್ಲ, ಅವರ ಸ್ವಂತ ದೇಶದ ಸರ್ಕಾರ. ಅವರ ವಿಶ್ವವಿದ್ಯಾನಿಲಯಗಳು ಅದಕ್ಕೆ ತಲೆಬಾಗಿದುವು. ಕೆಲವೆಡೆ ಉತ್ಸಾಹದಿಂದಲೇ ತಲೆಬಾಗಿದುವು. ತವರೇ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಉಳಿಸಿಕೊಳ್ಳಬೇಕಾದ ಸಮುದಾಯವೆಂಬುದೇ ಇರಲಿಲ್ಲ. ಆದಕಾರಣ ವ್ಯಕ್ತಿಯನ್ನು ಕರೆದುಕೊಂಡು ಬರುವುದೊಂದೇ ಸಾಧ್ಯವಿದ್ದ ನೆರವು, ಉಚಿತವಾದ ನೆರವು ಕೂಡ. ಯುದ್ಧಕ್ಕೆ ಸಿಕ್ಕಿದ ದೇಶದ ಸ್ಥಿತಿ ಹೀಗಲ್ಲ. ಅಲ್ಲಿ ವಿಶ್ವವಿದ್ಯಾನಿಲಯ ತನ್ನವರನ್ನು ವಜಾ ಮಾಡಿರುವುದಿಲ್ಲ. ಕಿಟಕಿಯ ಗಾಜು ಒಡೆದಿರಬಹುದು, ಸಂಬಳ ತಡವಾಗಬಹುದು, ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಸೇನೆಗೆ ಹೋಗಿರಬಹುದು. ಪಾಠ ಮಾತ್ರ ನಡೆಯುತ್ತಿರುತ್ತದೆ. ಅಂತಹ ಸಂಸ್ಥೆಯಿಂದ ಒಬ್ಬ ಸಮರ್ಥ ಅಧ್ಯಾಪಕನನ್ನು ಕರೆಯಿಸಿಕೊಂಡರೆ ಆತನಿಗೆ ಉಪಕಾರವಾಗುತ್ತದೆ, ಆತನ ವಿಭಾಗಕ್ಕೆ ಒಬ್ಬ ಅಧ್ಯಾಪಕ ಕಡಮೆಯಾಗುತ್ತಾನೆ. ಈ ಎರಡನೆಯ ಲೆಕ್ಕವನ್ನು ಬರೆದಿಡುವ ಕಾಲಮ್ಮು ಬೆವರಿಜ್ ಅವರ ಲೆಕ್ಕಪುಸ್ತಕದಲ್ಲಿ ಇರಲಿಲ್ಲ. 1933ರಲ್ಲಿ ಅದರ ಅವಶ್ಯಕತೆಯೂ ಇರಲಿಲ್ಲ.

ವ್ಯಕ್ತಿಯನ್ನು ಕರೆಯುವ ಕ್ರಮಕ್ಕೆ ಇನ್ನೊಂದು ಮಿತಿ ಉಂಟು. ಅದು ಕರೆಯುವವರ ಮನೆಯ ಸ್ಥಿತಿಗೆ ಕಟ್ಟುಬಿದ್ದಿರುತ್ತದೆ. ಇದಕ್ಕೆ ನಮ್ಮ ಬೆಂಗಳೂರೇ ನಿದರ್ಶನ. ಗಟ್ಟಿಂಗೆನ್ನಿನಿಂದ ಹೊರಬಿದ್ದು ಕೇಂಬ್ರಿಜ್‌ನಲ್ಲಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು, ಭಾರತೀಯ ವಿಜ್ಞಾನಮಂದಿರದ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ 1935ರಲ್ಲಿ ಬೆಂಗಳೂರಿಗೆ ಬರಮಾಡಿಕೊಂಡರು. ಅವರನ್ನು ಇಲ್ಲಿ ಶಾಶ್ವತವಾಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ನರ ಆಶಯ. ಸಭೆಯಲ್ಲಿ ವಿರೋಧ ಬಂದಿತು. ತನ್ನ ದೇಶದಿಂದಲೇ ಅಟ್ಟಿಸಿಕೊಂಡ ಪರದೇಶೀಯನೊಬ್ಬ ಇಲ್ಲಿಗೇಕೆ ಎಂಬ ಅರ್ಥದ ಮಾತನ್ನು ಸಹೋದ್ಯೋಗಿಯೊಬ್ಬರಿಂದ ಕೇಳಬೇಕಾಯಿತೆಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರು ಕೆಲವು ತಿಂಗಳು ಮಾತ್ರ ಇಲ್ಲಿದ್ದು, 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪೀಠಕ್ಕೆ ಹೋದರು. ಆಶ್ರಯ ಕೊಡುವ ಸಂಸ್ಥೆಯ ಒಳಜಗಳದಲ್ಲಿ ಆಶ್ರಯ ಬೇಡುವವನ ಭವಿಷ್ಯ ತೀರ್ಮಾನವಾಗುವುದು ಬೆಂಗಳೂರಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ.

ಯುದ್ಧದ ನೆರವಿಗೆ ಸರಿಯಾದ ಪೂರ್ವನಿದರ್ಶನವನ್ನು ಹುಡುಕುವವರು 1933ಕ್ಕಿಂತ ಹಿಂದಕ್ಕೆ ಹೋಗಬೇಕು. 1914ರ ಆಗಸ್ಟ್ 25ರ ರಾತ್ರಿ ಬೆಲ್ಜಿಯಮ್ಮಿನ ಲೂವೇನ್ ನಗರದಲ್ಲಿ ಜರ್ಮನ್ ಸೈನಿಕರು ಹಚ್ಚಿದ ಬೆಂಕಿಗೆ ವಿಶ್ವವಿದ್ಯಾನಿಲಯದ ಗ್ರಂಥಭಂಡಾರ ಆಹುತಿಯಾಯಿತು. ಎರಡು ಲಕ್ಷಕ್ಕೂ ಮಿಕ್ಕಿದ ಗ್ರಂಥಗಳು, ಹಸ್ತಪ್ರತಿಗಳು, ಆದಿಮುದ್ರಿತಗಳು ಬೂದಿಯಾದುವು. ಆ ವರ್ಷದ ಡಿಸೆಂಬರಿನಲ್ಲಿಯೇ ಮ್ಯಾಂಚೆಸ್ಟರಿನ ಜಾನ್ ರೈಲೆಂಡ್ಸ್ ಗ್ರಂಥಭಂಡಾರದವರು ಲೂವೇನಿಗಾಗಿ ಗ್ರಂಥಸಂಗ್ರಹವನ್ನು ಆರಂಭಿಸಲು ನಿಶ್ಚಯಿಸಿದರು. ಗ್ರಂಥಪಾಲಕರಾದ ಹೆನ್ರಿ ಗಪ್ಪಿ ಇದರ ಹೊಣೆ ಹೊತ್ತರು. ಪುಸ್ತಕಗಳನ್ನು ಇಡಲು ಲೂವೇನಿನಲ್ಲಿ ಆಗ ಒಂದು ಕಪಾಟೂ ಇರಲಿಲ್ಲ. ನಗರವೇ ಶತ್ರುವಿನ ವಶದಲ್ಲಿತ್ತು. ಆದರೂ ಪುಸ್ತಕಗಳನ್ನು ಬರಮಾಡಿಕೊಂಡು, ಅವುಗಳ ಪಟ್ಟಿಗಳನ್ನು ತಮ್ಮ ಸಂಚಿಕೆಯಲ್ಲಿ ಮುದ್ರಿಸಿ, ಯುದ್ಧ ಮುಗಿಯುವವರೆಗೆ ಕಾಪಾಡಿದರು. 1925ರ ಹೊತ್ತಿಗೆ ಹೀಗೆ ಹೋದ ಸಂಪುಟಗಳ ಸಂಖ್ಯೆ 55,000ವನ್ನು ಮೀರಿತ್ತು. ನಮಗೆ ಈ ಕೆಲಸದಲ್ಲಿ ವಿಶೇಷವಾಗಿ ತೋರುವುದು ಸಂಖ್ಯೆಯಲ್ಲ. ಲೂವೇನಿನ ವಿಶ್ವವಿದ್ಯಾನಿಲಯ ತನ್ನ ಊರಿನಲ್ಲಿ ಮತ್ತೆ ತೆರೆಯುತ್ತದೆ, ಅಲ್ಲಿ ಓದುಗರು ಬಂದು ಕೂರುತ್ತಾರೆ ಎಂಬುದನ್ನು ಮ್ಯಾಂಚೆಸ್ಟರಿನವರು ಸಂಶಯವಿಲ್ಲದೆ ನಂಬಿ ನಡೆದುಕೊಂಡರೆಂಬುದು.

ಲೂವೇನಿನ ಕಥೆಗೆ ಇನ್ನೊಂದು ಮುಖವೂ ಇದೆ. ಹೊಸ ಗ್ರಂಥಭಂಡಾರದ ಕಟ್ಟಡ ಅಮೆರಿಕದ ದಾನದಿಂದ ಎದ್ದಿತು. ಅದರ ವಾಸ್ತುಶಿಲ್ಪಿ ವಿಟ್ನಿ ವಾರೆನ್, ಇದು ಜರ್ಮನರ ಕ್ರೋಧದಿಂದ ಹಾಳಾಗಿ ಅಮೆರಿಕನ್ನರ ದಾನದಿಂದ ಮರಳಿ ನಿಂತಿತೆಂಬ ಅರ್ಥದ ಲ್ಯಾಟಿನ್ ಬರೆಹವನ್ನು ಕಟಕಟೆಯ ಮೇಲೆ ಕೆತ್ತಿಸಬೇಕೆಂದು ಹಟ ಹಿಡಿದರು. ವಿಶ್ವವಿದ್ಯಾನಿಲಯದ ಮುಖ್ಯಸ್ಥರಾದ ಲಾದೆಜ್ ಅದಕ್ಕೆ ಒಪ್ಪಲಿಲ್ಲ. ವಿವಾದ ಪತ್ರಿಕೆಗಳಿಗೂ ನ್ಯಾಯಾಲಯಕ್ಕೂ ಹೋಯಿತು. 1928ರ ಜುಲೈ 4ರಂದು ಕಟ್ಟಡದ ಪ್ರಾರಂಭೋತ್ಸವ ಆ ಬರೆಹವಿಲ್ಲದೆಯೇ ನಡೆಯಿತು. ದಾನ ಕೊಟ್ಟವನು ತನ್ನ ದ್ವೇಷವನ್ನೂ ಕಲ್ಲಿನಲ್ಲಿ ಕೊಡಬಯಸಿದಾಗ, ತೆಗೆದುಕೊಳ್ಳುವವನು ಬೇಡವೆಂದ ಅಪೂರ್ವ ಪ್ರಸಂಗವಿದು. ಆ ಕಟ್ಟಡ 1940ರ ಮೇ ತಿಂಗಳಿನಲ್ಲಿ ಎರಡನೆಯ ಬಾರಿ ಸುಟ್ಟಿತೆಂಬುದನ್ನು ಇಲ್ಲಿ ಸೂಚಿಸಿ ಮುಂದೆ ಹೋಗುತ್ತೇವೆ.

ಚೀಣದ ನಿದರ್ಶನ ಇದಕ್ಕಿಂತ ಶ್ರೀಮಂತವಾದದ್ದು. 1937ರ ಜುಲೈ ಕೊನೆಯಲ್ಲಿ ಜಪಾನೀಯರು ಟಿಯಾನ್‌ಜಿನ್‌ನ ನಾನ್‌ಕೈ ವಿಶ್ವವಿದ್ಯಾನಿಲಯವನ್ನು ಬಾಂಬಿನಿಂದ ನೆಲಸಮ ಮಾಡಿದರು. ಪೀಕಿಂಗ್ ಮತ್ತು ತ್ಸಿಂಗ್‌ಹ್ವಾ ವಿಶ್ವವಿದ್ಯಾನಿಲಯಗಳು ಶತ್ರುವಿನ ಹಿಡಿತಕ್ಕೆ ಸಿಕ್ಕಿದುವು. ಈ ಮೂರೂ ಮೊದಲು ಚಾಂಗ್‌ಷಾದಲ್ಲಿ ಒಂದುಗೂಡಿ ಪಾಠ ನಡೆಸಿ, ಯುದ್ಧ ಅಲ್ಲಿಗೂ ಸಮೀಪಿಸಲು, 1938ರಲ್ಲಿ ಯುನ್ನಾನ್ ಪ್ರಾಂತದ ಕುನ್‌ಮಿಂಗಿಗೆ ಹೋದುವು. ಕೆಲವರು ರೈಲು ಹಡಗುಗಳಲ್ಲಿ ಸುತ್ತಿ ಹೋದರು. ಕವಿ ವೆನ್ ಇಡುವೋ ಸೇರಿದಂತೆ ಕೆಲವು ಅಧ್ಯಾಪಕರೂ ಎರಡುನೂರಕ್ಕೆ ಮಿಕ್ಕಿದ ವಿದ್ಯಾರ್ಥಿಗಳೂ ಸುಮಾರು 1,000 ಮೈಲಿಗಳ ದಾರಿಯನ್ನು 68 ದಿನಗಳಲ್ಲಿ ಬಹುಮಟ್ಟಿಗೆ ನಡೆದೇ ಸೇರಿದರು. ಅಲ್ಲಿ ಏರ್ಪಟ್ಟ ನೈಋತ್ಯ ಸಂಯುಕ್ತ ವಿಶ್ವವಿದ್ಯಾನಿಲಯ, ಅರ್ಥಾತ್ ಲಿಯಾನ್‌ದಾ, 1946ರವರೆಗೆ ನಡೆಯಿತು. ತರಗತಿಗಳಿಗೆ ತಗಡಿನ ಮಾಡು, ವಿದ್ಯಾರ್ಥಿನಿಲಯಗಳಿಗೆ ಹುಲ್ಲಿನ ಮಾಡು. ಜೋರಾಗಿ ಮಳೆ ಹೊಯ್ದರೆ ಅಧ್ಯಾಪಕರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ದೀಪದ ಬೆಳಕಿಗಾಗಿ ವಿದ್ಯಾರ್ಥಿಗಳು ಊರಿನ ಚಹಾ ಅಂಗಡಿಗಳಲ್ಲಿ ಕುಳಿತು ಓದುತ್ತಿದ್ದರು. ಈ ಎಂಟು ವರ್ಷಗಳಲ್ಲಿ ಸುಮಾರು 8,000 ವಿದ್ಯಾರ್ಥಿಗಳು ಅಲ್ಲಿ ಓದಿದರು. 1957ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದ ಯಾಂಗ್ ಮತ್ತು ಲೀ ಇಬ್ಬರೂ ಅವರಲ್ಲಿ ಸೇರಿದವರು.

ಲಿಯಾನ್‌ದಾವನ್ನು ಕುರಿತು ಜಾನ್ ಇಸ್ರೇಲ್ 1998ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದಲ್ಲಿ ನಾವು ಕಂಡ ಉತ್ತಮ ಕೃತಿಗಳಲ್ಲೊಂದು. ಯಾರು ಪಾರಾದರೆಂದು ಅದು ಕೇಳುವುದಿಲ್ಲ; ಸಂಸ್ಥೆ ಹೇಗೆ ಬಾಳಿತೆಂದು ಕೇಳುತ್ತದೆ. ಮೂರು ವಿಶ್ವವಿದ್ಯಾನಿಲಯಗಳು ಒಂದೇ ಮಾಡಿನ ಕೆಳಗಿದ್ದರೂ ತಂತಮ್ಮ ಕಚೇರಿಗಳನ್ನೂ ಸಂಶೋಧನ ವಿಭಾಗಗಳನ್ನೂ ಬೇರೆಯಾಗಿಯೇ ಉಳಿಸಿಕೊಂಡುವೆಂಬ ಸಂಗತಿ ಹೊರನೋಟಕ್ಕೆ ಹಟಮಾರಿತನವೆಂದು ಕಾಣಬಹುದು. ಆದರೆ ಯುದ್ಧ ಮುಗಿದೊಡನೆ ಮೂರೂ ಉತ್ತರಕ್ಕೆ ಮರಳಿ ತಮ್ಮ ತಮ್ಮ ಹೆಸರಿನಲ್ಲಿ ಬಾಗಿಲು ತೆರೆಯಲು ಸಾಧ್ಯವಾದುದು ಈ ಹಟದಿಂದಲೇ ಎಂದು ನಾವು ಭಾವಿಸುತ್ತೇವೆ. ಈ ಕೃತಿಯ ದೃಷ್ಟಿ ಒಳಗಿನ ಬಾಳಿನ ಮೇಲೆಯೇ ಹೆಚ್ಚಾಗಿ ನೆಟ್ಟಿರುವುದರಿಂದ, ಹೊರಗಿನ ನೆರವಿನ ವಿಚಾರಕ್ಕೆ ಓದುಗರು ಜೋಸೆಫ್ ಮತ್ತು ಡೊರೊತಿ ನೀಡಂ ದಂಪತಿಗಳು 1948ರಲ್ಲಿ ಪ್ರಕಟಿಸಿದ 'ಸೈನ್ಸ್ ಔಟ್‌ಪೋಸ್ಟ್' ಎಂಬ ಸಂಕಲನವನ್ನು ಜೊತೆಗಿರಿಸಿಕೊಳ್ಳಬೇಕು.

ಕೇಂಬ್ರಿಜ್‌ನ ಜೀವರಸಾಯನಶಾಸ್ತ್ರಜ್ಞರಾಗಿದ್ದ ಜೋಸೆಫ್ ನೀಡಂ 1943ರ ಫೆಬ್ರವರಿಯಲ್ಲಿ ಕಲ್ಕತ್ತೆಯಿಂದ ವಿಮಾನದಲ್ಲಿ ಪರ್ವತಗಳನ್ನು ದಾಟಿ ಕುನ್‌ಮಿಂಗಿಗೆ ಬಂದರು. ಹಿಂದಿನ ವರ್ಷ ಬರ್ಮಾ ಜಪಾನೀಯರ ವಶವಾಗಿ ರಸ್ತೆ ಮುಚ್ಚಿತ್ತು. ಹೊರಗಿನಿಂದ ಬರುವ ಪ್ರತಿಯೊಂದು ವಸ್ತುವೂ ಭಾರತದಿಂದ ಆಕಾಶಮಾರ್ಗವಾಗಿಯೇ ಬರಬೇಕಾಗಿತ್ತು. ಅವರು ಚುಂಕಿಂಗ್‌ನಲ್ಲಿ ನಡೆಸಿದ ವಿಜ್ಞಾನ ಸಹಕಾರ ಕಚೇರಿ ರಾಸಾಯನಿಕಗಳು, ಉಪಕರಣಗಳು, ಗ್ರಂಥಗಳು, ಮೈಕ್ರೋಫಿಲ್ಮಿನಲ್ಲಿ ತೆಗೆದ ಪತ್ರಿಕೆಗಳು ಇವುಗಳನ್ನು ಚೆದರಿಹೋದ ಚೀಣೀ ಪ್ರಯೋಗಶಾಲೆಗಳಿಗೆ ಮುಟ್ಟಿಸುತ್ತಿತ್ತು. ಹಿಂದಕ್ಕೆ ಹೋಗುವ ವಿಮಾನದಲ್ಲಿ ಚೀಣೀ ವಿಜ್ಞಾನಿಗಳ ಲೇಖನಗಳು ಪಾಶ್ಚಾತ್ಯ ಪತ್ರಿಕೆಗಳಿಗೆ ಹೋಗುತ್ತಿದ್ದುವು. ಹೀಗೆ ಹೋದ ಲೇಖನಗಳು ನೂರಕ್ಕೂ ಹೆಚ್ಚು, ಬಹುಪಾಲು ಸ್ವೀಕೃತವಾದುವು. ನೀಡಂ ಅವರ ಸಂಕಲನವನ್ನು ಸಾಹಿತ್ಯವೆಂದು ಯಾರೂ ಓದಲಾರರು. ವರದಿ, ಪ್ರವಾಸದ ಟಿಪ್ಪಣಿ, ಪತ್ರಗಳು ಒಂದರ ಮೇಲೊಂದು ಬಂದು ಬೇಸರ ಬರಿಸುತ್ತವೆ. ಆದರೆ ಬೆವರಿಜ್ ಅವರ ಸುಲಲಿತವಾದ ನಿರೂಪಣೆಯಲ್ಲಿ ಸಿಕ್ಕದ ವಿಷಯ ಇದರಲ್ಲಿದೆ: ಉಳಿದುಕೊಂಡವನಿಗೆ ಏನು ಬೇಕಾಗಿತ್ತು ಎಂಬ ವಿಷಯ. ಅವನಿಗೆ ಬೇರೆ ದೇಶದಲ್ಲಿ ಪೀಠ ಬೇಕಾಗಿರಲಿಲ್ಲ. ತನ್ನ ಶಾಸ್ತ್ರದಲ್ಲಿ ಕಳೆದ ವರ್ಷ ಏನಾಯಿತೆಂದು ತಿಳಿಯಬೇಕಾಗಿತ್ತು. ತಾನು ಮಾಡಿದುದನ್ನು ಓದುವವರು ಬೇಕಾಗಿತ್ತು.

ಇಷ್ಟನ್ನು ಕಂಡ ಮೇಲೆ ಯುಕ್ರೇನಿಗೆ ಬರಬಹುದು. ಆ ದೇಶದ ವಿಶ್ವವಿದ್ಯಾನಿಲಯಗಳ ವಲಸೆ 2022ರಲ್ಲಿ ಆರಂಭವಾದುದಲ್ಲ. 2014ರಲ್ಲಿಯೇ ಡೊನೆಟ್‌ಸ್ಕ್ ವಿಶ್ವವಿದ್ಯಾನಿಲಯ ತನ್ನ ಊರನ್ನು ಬಿಟ್ಟು ವಿನ್ನಿತ್ಸಿಯಾ ನಗರಕ್ಕೆ ಬಂದು, ಹಿಂದೆ ವಜ್ರಕ್ಕೆ ಸಾಣೆಹಿಡಿಯುತ್ತಿದ್ದ ಕಾರ್ಖಾನೆಯೊಂದರ ಕಟ್ಟಡದಲ್ಲಿ ಪಾಠ ಆರಂಭಿಸಿತು. ಲುಹಾನ್‌ಸ್ಕಿನ ವಿಶ್ವವಿದ್ಯಾನಿಲಯ ಆಗ ಸ್ತಾರೊಬಿಲ್‌ಸ್ಕಿಗೆ ಹೋಗಿ, 2022ರಲ್ಲಿ ಅಲ್ಲಿಂದಲೂ ಎದ್ದು ಪೊಲ್ತಾವಕ್ಕೆ ಸರಿಯಬೇಕಾಯಿತು. ಖೆರ್ಸೋನಿನದು ಇವಾನೋ-ಫ್ರಾಂಕಿವ್‌ಸ್ಕಿಗೂ ಮಾರಿಯುಪೋಲಿನದು ಕೀವಿಗೂ ಹೋದುವು. ಎರಡು ಶತಮಾನಗಳ ಇತಿಹಾಸವುಳ್ಳ ಖಾರ್ಕಿವ್‌ನ ಕರಾಜಿನ್ ವಿಶ್ವವಿದ್ಯಾನಿಲಯದ ಕಟ್ಟಡಗಳಲ್ಲೊಂದು 2022ರ ಮಾರ್ಚಿನ ಆರಂಭದಲ್ಲಿ ಕ್ಷಿಪಣಿದಾಳಿಯಿಂದ ಹೊತ್ತಿ ಉರಿಯಿತು. ಪಾಠ ಅಂತರಜಾಲದ ಮೂಲಕ ಮುಂದುವರಿಯಿತು. ಲಿಯಾನ್‌ದಾದ ಚರಿತ್ರೆ ಬಲ್ಲವರಿಗೆ ಇದು ಪರಿಚಿತ ದೃಶ್ಯ.

ಹೊರಗಿನ ವಿಶ್ವವಿದ್ಯಾನಿಲಯಗಳ ಮೊದಲ ಪ್ರತಿಕ್ರಿಯೆ 1933ರ ಮಾದರಿಯದೇ ಆಗಿತ್ತು: ಬನ್ನಿರಿ, ಒಂದೆರಡು ವರ್ಷದ ವೇತನ ಕೊಡುತ್ತೇವೆ. ಈ ಕರೆ ಅಗತ್ಯವಾಗಿತ್ತು, ಅನೇಕರ ಪ್ರಾಣ ಉಳಿಸಿತು. ಆದರೆ ಆಕ್ರಮಣದ ದಿನವೇ ಜಾರಿಗೆ ಬಂದ ಸೈನಿಕ ಶಾಸನವು 18ರಿಂದ 60 ವರ್ಷ ವಯಸ್ಸಿನ ಪುರುಷರು ದೇಶ ಬಿಡುವುದನ್ನು, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿತು. 22 ವರ್ಷದವರೆಗಿನವರಿಗೆ ಈ ನಿರ್ಬಂಧ ಸಡಿಲವಾದುದು 2025ರ ಆಗಸ್ಟಿನಲ್ಲಿ. ಆದಕಾರಣ ಪ್ರಯಾಣಕ್ಕೆ ಕಟ್ಟಿದ ವೇತನವು ಬಹುಮಟ್ಟಿಗೆ ಮಹಿಳೆಯರಿಗೆ, ಅವರಲ್ಲಿಯೂ ಮನೆ ಬಿಟ್ಟು ಬರಬಲ್ಲವರಿಗೆ, ಮಾತ್ರ ದೊರೆಯಿತು. ವೃದ್ಧರಾದ ತಾಯಿತಂದೆಗಳನ್ನು ನೋಡಿಕೊಳ್ಳುತ್ತ ಖಾರ್ಕಿವ್‌ನಲ್ಲಿ ಉಳಿದು ಪಾಠ ಹೇಳುತ್ತಿದ್ದ ಅಧ್ಯಾಪಕಿಗೆ ಅದು ಕೈಗೆಟುಕದ ಫಲ.

ಈ ಕೊರತೆಯನ್ನು ಕಂಡು ಹುಟ್ಟಿದ ಉಪಾಯಗಳೇ ಇತಿಹಾಸಕಾರನ ಗಮನಕ್ಕೆ ಯೋಗ್ಯವಾದುವು. ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯದಂತಹ ಕೆಲವು ಸಂಸ್ಥೆಗಳು, ವಿದ್ವಾಂಸರು ತಮ್ಮ ದೇಶದಲ್ಲಿಯೇ ಇದ್ದು ಪಡೆಯಬಹುದಾದ ವೇತನಗಳನ್ನು 2022ರಲ್ಲಿಯೇ ಏರ್ಪಡಿಸಿದುವು. ಮಧ್ಯಯೂರೋಪ್ ವಿಶ್ವವಿದ್ಯಾನಿಲಯದವರು 'ಯುಕ್ರೇನಿಗಾಗಿ ಅದೃಶ್ಯ ವಿಶ್ವವಿದ್ಯಾನಿಲಯ' ಎಂಬ ಹೆಸರಿನಲ್ಲಿ ಆ ದೇಶದ ವಿದ್ಯಾರ್ಥಿಗಳಿಗೆ ಅಂತರಜಾಲದ ಪಾಠಗಳನ್ನು ಆರಂಭಿಸಿದರು. ತವರಿನ ವಿಶ್ವವಿದ್ಯಾನಿಲಯದ ಪಾಠಕ್ಕೆ ಇದು ಪೂರಕ, ಬದಲಿಯಲ್ಲ. ಅದೇ ಮಾರ್ಚಿನಲ್ಲಿ ಗ್ರಂಥಪಾಲಕರೂ ಸಂಶೋಧಕರೂ ಸೇರಿ ಯುಕ್ರೇನಿನ ಗ್ರಂಥಭಂಡಾರ, ವಸ್ತುಸಂಗ್ರಹಾಲಯ, ದಾಖಲೆಮನೆಗಳ ಜಾಲತಾಣಗಳನ್ನು ಪ್ರತಿ ಮಾಡಿಡುವ ಕಾರ್ಯಕ್ಕೆ ಕೈಹಾಕಿದರು. ಸುಚೋ ಎಂದು ಹೆಸರಾದ ಈ ಉದ್ಯಮದಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿದರು. ಖಾರ್ಕಿವ್ ಪ್ರಾಂತದ ದಾಖಲೆಮನೆಯ ಜಾಲತಾಣವನ್ನು ಅವರು ಪ್ರತಿ ಮಾಡಿ ಮುಗಿಸಿದ ಕೆಲವೇ ಗಂಟೆಗಳಲ್ಲಿ ಅದು ಮರೆಯಾಯಿತು. ಮ್ಯಾಂಚೆಸ್ಟರಿನವರು ಸುಟ್ಟ ಮೇಲೆ ಮಾಡಿದುದನ್ನು ಇವರು ಸುಡುವ ಮೊದಲೇ ಮಾಡಿದರು.

ಎಲ್ಲಕ್ಕಿಂತ ವಿಸ್ತಾರವಾದುದು ಬ್ರಿಟನ್ನಿನ ಅವಳಿ ಯೋಜನೆ. ಬ್ರಿಟನ್ನಿನ ಒಂದು ವಿಶ್ವವಿದ್ಯಾನಿಲಯ ಯುಕ್ರೇನಿನ ಒಂದು ವಿಶ್ವವಿದ್ಯಾನಿಲಯದೊಡನೆ ಜೊತೆಗೂಡುವ ಈ ಏರ್ಪಾಡಿನಲ್ಲಿ ನೂರಕ್ಕೂ ಹೆಚ್ಚು ಜೋಡಿಗಳು ಉಂಟಾದುವು. ಗ್ರಂಥಭಂಡಾರದ ಪ್ರವೇಶ, ಪರಸ್ಪರ ಕ್ರೆಡಿಟ್ ಮಾನ್ಯತೆ, ಜಂಟಿ ಸಂಶೋಧನೆ, ಬೇಸಗೆಯ ಶಿಬಿರಗಳು ಇದರಲ್ಲಿ ಸೇರಿವೆ. ಸಂಸ್ಥೆಯ ಕೈಯನ್ನು ಸಂಸ್ಥೆ ಹಿಡಿಯುವ ಈ ತತ್ತ್ವ ನಮಗೆ ಒಪ್ಪಿಗೆ. ಆದರೂ ಮೆಚ್ಚುಗೆಯ ಭರದಲ್ಲಿ ಎರಡು ಪ್ರಶ್ನೆಗಳನ್ನು ಮರೆಯಬಾರದು. ಜೋಡಿಯಲ್ಲಿ ಎರಡು ತಲೆಗಳೂ ಸಮವೇ? ಹಣವೂ ಭಾಷೆಯೂ ಒಂದೇ ಕಡೆಗಿರುವಾಗ, ಪಾಠದ ವಿಷಯವನ್ನು ನಿಶ್ಚಯಿಸುವವರು ಯಾರೆಂಬುದನ್ನು ಒಪ್ಪಂದದ ಪತ್ರದಿಂದ ತಿಳಿಯಲಾಗದು. ಲೂವೇನಿನ ಕಟಕಟೆಯ ಜಗಳ ಇಲ್ಲಿ ನೆನಪಾಗುತ್ತದೆ. ಎರಡನೆಯದು, ಸಹಿ ಬಿದ್ದ ಪತ್ರಗಳ ಸಂಖ್ಯೆಯೇ ನೆರವಿನ ಸಂಖ್ಯೆಯೆ? ಪಾರಾದವರ ತಲೆಯೆಣಿಕೆಯ ಸ್ಥಳದಲ್ಲಿ ಒಪ್ಪಂದಗಳ ಎಣಿಕೆ ಬಂದು ಕುಳಿತರೆ ಇತಿಹಾಸಲೇಖನಕ್ಕೆ ಯಾವ ಲಾಭವೂ ಆಗಲಿಲ್ಲ.

ನಮ್ಮ ಮಾತಿಗೆ ಒಂದು ಪ್ರಬಲವಾದ ಪ್ರತಿವಾದ ಉಂಟು. ಬಾಂಬು ಬೀಳುವ ಊರಿನಲ್ಲಿ ಉಳಿಯಿರೆಂದು ದೂರದಲ್ಲಿ ಸುಖವಾಗಿರುವವರು ಹೇಳುವುದು ನಿರ್ದಯವಲ್ಲವೆ, ಸಮುದಾಯದ ಹೆಸರಿನಲ್ಲಿ ವ್ಯಕ್ತಿಯನ್ನು ಬಲಿಗೊಡುವುದಲ್ಲವೆ ಎಂಬುದು. ನಾವು ಹಾಗೆ ಹೇಳುತ್ತಿಲ್ಲ. ಹೋಗುವವನು ಹೋಗಲಿ, ಅದು ಅವನ ನಿರ್ಣಯ, ಅವನನ್ನು ತೂಗಿನೋಡುವ ಹಕ್ಕು ನಮಗಿಲ್ಲ. ನಮ್ಮ ಆಕ್ಷೇಪಣೆಯಿರುವುದು ಹೋಗುವವನಿಗೆ ಮಾತ್ರ ಸಿಕ್ಕುವ ನೆರವಿನ ಬಗ್ಗೆ, ಅದನ್ನು ಮಾತ್ರ ನೆರವೆಂದು ಬರೆಯುವ ಗ್ರಂಥಗಳ ಬಗ್ಗೆ.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. ವಿದ್ಯಾಸಮುದಾಯವೆಂದರೆ ಅಧ್ಯಾಪಕರು ಮಾತ್ರವಲ್ಲ. ಆಕ್ರಮಣದ ವೇಳೆಯಲ್ಲಿ ಯುಕ್ರೇನಿನಲ್ಲಿ 20,000ಕ್ಕೂ ಹೆಚ್ಚು ಭಾರತೀಯರಿದ್ದರು, ಬಹುಪಾಲು ವೈದ್ಯವಿದ್ಯಾರ್ಥಿಗಳು. ಕರ್ಣಾಟಕದವರೂ ಅನೇಕರಿದ್ದರು, ಅವರಲ್ಲೊಬ್ಬ ಖಾರ್ಕಿವ್‌ನ ದಾಳಿಯಲ್ಲಿ ಪ್ರಾಣ ಕಳೆದುಕೊಂಡನು. ಮರಳಿ ಬಂದವರಿಗೆ ಇಲ್ಲಿನ ವೈದ್ಯಕಾಲೇಜುಗಳಲ್ಲಿ ಪ್ರವೇಶ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸರ್ಕಾರವು 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಅದೇ ತಿಂಗಳಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಈ ವಿದ್ಯಾರ್ಥಿಗಳು ಬೇರೆ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ತಾತ್ಕಾಲಿಕವಾಗಿ ಓದುವುದಕ್ಕೆ ತನ್ನ ಅಡ್ಡಿಯಿಲ್ಲವೆಂದೂ ಪದವಿಯನ್ನು ಮಾತ್ರ ಯುಕ್ರೇನಿನ ಮೂಲ ವಿಶ್ವವಿದ್ಯಾನಿಲಯವೇ ಕೊಡಬೇಕೆಂದೂ ಪ್ರಕಟಿಸಿತು. ಒಳಗಾದ ಕಷ್ಟವನ್ನು ನೆನೆದರೆ ವಿದ್ಯಾರ್ಥಿಗಳಿಗೂ ಪೋಷಕರಿಗೂ ಇದು ಅರ್ಧ ಪರಿಹಾರವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೂ ಇಲ್ಲಿ ವಿದ್ಯಾರ್ಥಿ ದೇಶ ಬಿಟ್ಟರೂ ಅವನ ವಿಶ್ವವಿದ್ಯಾನಿಲಯ ಅವನನ್ನು ಕಳೆದುಕೊಳ್ಳಲಿಲ್ಲ. ಅವನ ಪ್ರವೇಶದ ದಾಖಲೆ, ಅಂಕಪಟ್ಟಿ, ಬೇರೆ ದೇಶದಲ್ಲಿ ಓದಿದ ಪಾಠಕ್ಕೆ ಖಾರ್ಕಿವ್ ಅಥವಾ ವಿನ್ನಿತ್ಸಿಯಾದಿಂದ ಬಂದ ಮಾನ್ಯತಾಪತ್ರ, ಇವೆಲ್ಲ ಇಂದು ನಮ್ಮ ಜಿಲ್ಲೆಗಳ ಮನೆಮನೆಗಳಲ್ಲಿ ಕಡತಗಳಾಗಿ ಉಳಿದಿರಬೇಕು. ಅವುಗಳ ಪ್ರತಿಗಳನ್ನು ಸಂಗ್ರಹಿಸಲು ಪೋಲೆಂಡಿಗೋ ಜಾರ್ಜಿಯಕ್ಕೋ ಹೋಗಬೇಕಾದುದಿಲ್ಲ; ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಗಳಿಬ್ಬರು ಒಂದು ಬೇಸಗೆಯ ರಜೆಯಲ್ಲಿ ಆರಂಭಿಸಬಹುದಾದ ಕೆಲಸವದು.